ಬೇಲಿ ಪಕ್ಕದ ದಾರಿ, ಮಾತು ಕಮ್ಮಿಯ ಗೆಳೆತನ: ‘ಕಿಂಗ್ಸ್ ಆಫ್ ದಿ ರೋಡ್’ ಚಿತ್ರ ಕಟ್ಟಿದ ಬಗೆ

ಒಬ್ಬ ಬ್ರೂನೋ, ಸಿನಿಮಾ ಪ್ರೊಜೆಕ್ಟರ್ ರಿಪೇರಿಯವನು. ಇನ್ನೊಬ್ಬ ರಾಬರ್ಟ್, ಹೆಂಡತಿಯಿಂದ ದೂರವಾಗಿ, ತನ್ನ ಕಾರನ್ನು ನೇರ ನದಿಗೆ ನುಗ್ಗಿಸಿದವನು. ಇಬ್ಬರೂ ಹಳೆಯ ಲಾರಿಯೊಂದರಲ್ಲಿ ಕೆಲವು ದಿನ ಊರಿಂದೂರಿಗೆ ಹೋಗುತ್ತಾರೆ, ಒಂದು ರಾತ್ರಿ ಜಗಳವಾಡುತ್ತಾರೆ, ಬೆಳಗಾಗುವಷ್ಟರಲ್ಲಿ ಬೇರೆಯಾಗುತ್ತಾರೆ. ವಿಮ್ ವೆಂಡರ್ಸ್ ಅವರ 1976ರ ಜರ್ಮನ್ ಚಿತ್ರ ‘ಇಮ್ ಲೌಫ್ ಡೆರ್ ತ್ಸೈಟ್’ನ ಕತೆ ಇಷ್ಟೇ. ಜರ್ಮನಿಯ ಹೊರಗೆ ಇದು ‘ಕಿಂಗ್ಸ್ ಆಫ್ ದಿ ರೋಡ್’ ಎಂದೇ ಪರಿಚಿತ. ಉದ್ದ 175 ನಿಮಿಷ. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಫಿಪ್ರೆಸ್ಕಿ ಪ್ರಶಸ್ತಿ ಪಡೆಯಿತು.

ಮೊದಲ ಸಲ ನೋಡುವವರು ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ‘ಏನೂ ನಡೀತಾ ಇಲ್ವಲ್ಲ’ ಎಂದು ಚಡಪಡಿಸುತ್ತಾರೆ. ಕೊನೆಯವರೆಗೆ ಕೂತವರಿಗೆ ಆ ಇಬ್ಬರ ಅಗಲಿಕೆ ಎದೆಗೆ ನಾಟುತ್ತದೆ. ಏನೂ ನಡೆಯದ ಚಿತ್ರ ಇಷ್ಟು ನಾಟುವುದು ಹೇಗೆ? ಉತ್ತರ ಸಿಗಬೇಕಾದರೆ ಮೂರು ಸಂಗತಿಗಳನ್ನು ನೋಡಬೇಕು: ದಾರಿ ಎಲ್ಲಿ ಹಾದುಹೋಗುತ್ತದೆ, ಚಿತ್ರೀಕರಣ ಯಾವ ಕ್ರಮದಲ್ಲಿ ನಡೆಯಿತು, ಬ್ರೂನೋ ಕೈಯಲ್ಲಿರುವ ಕೆಲಸ ಏನು. ಈ ಗೆಳೆತನ ಸಂಭಾಷಣೆಯಲ್ಲಿ ಹುಟ್ಟಿದ್ದಲ್ಲ. ದಾರಿ, ಕ್ರಮ, ಕೆಲಸ ಮೂರೂ ಸೇರಿ ಅದನ್ನು ಬೆಳೆಸಿವೆ.

ಚಿತ್ರದ ಆರಂಭದ ಬರಹವೇ ಒಂದು ಕೀಲಿ. ಕಪ್ಪು-ಬಿಳುಪು, ಪರದೆಯ ಅಳತೆ 1:1.66, ಸ್ಥಳದಲ್ಲೇ ಹಿಡಿದ ದನಿ. 1975ರ ಜುಲೈ 1ರಿಂದ ಅಕ್ಟೋಬರ್ 31ರ ನಡುವೆ 11 ವಾರಗಳಲ್ಲಿ, ಪೂರ್ವ ಜರ್ಮನಿಯ ಗಡಿಗುಂಟ, ಲ್ಯೂನೆಬುರ್ಗ್ ಮತ್ತು ಹೋಫ್ ಊರುಗಳ ನಡುವೆ ಚಿತ್ರಿಸಿದ್ದು ಎಂದು ಅದು ಹೇಳುತ್ತದೆ. ಸಾಮಾನ್ಯವಾಗಿ ನಿರ್ಮಾಣದ ಕಡತದಲ್ಲಿ ಉಳಿಯುವ ವಿವರಗಳಿವು. ವೆಂಡರ್ಸ್ ಅವನ್ನು ಪ್ರೇಕ್ಷಕರ ಮುಂದೆಯೇ ಇಟ್ಟಿದ್ದಾರೆ, ಏಕೆಂದರೆ ಚಿತ್ರದ ಹೂರಣವೇ ಅದು: ಇಷ್ಟು ದಿನ, ಇಷ್ಟು ದೂರ, ಈ ಗಡಿ.

ದಾರಿಗೆ ಒಂದೇ ಮಗ್ಗುಲು

ಅಮೆರಿಕದ ರೋಡ್ ಚಿತ್ರಗಳಲ್ಲಿ ದಾರಿ ಎಂದರೆ ಬಯಲು. ಪಶ್ಚಿಮಕ್ಕೆ ಹೊರಟರೆ ಸಾವಿರಾರು ಕಿಲೋಮೀಟರ್ ತಡೆಯಿಲ್ಲ, ಹೋದಷ್ಟೂ ಜಾಗ. 1975ರ ಪಶ್ಚಿಮ ಜರ್ಮನಿಯಲ್ಲಿ ಪೂರ್ವಕ್ಕೆ ಹೊರಟರೆ ಬೇಲಿ. ಬಾಲ್ಟಿಕ್ ಕಡಲಿನಿಂದ ಚೆಕೊಸ್ಲೊವಾಕಿಯದ ಮೂಲೆಯವರೆಗೆ ಸುಮಾರು 1,400 ಕಿಲೋಮೀಟರ್ ಉದ್ದದ ಗಡಿ: ತಂತಿಬೇಲಿ, ಕಾವಲು ಗೋಪುರ, ನೆಲಬಾಂಬು. ಪೂರ್ವದ ಕಡೆ 1952ರಿಂದಲೇ 5 ಕಿಲೋಮೀಟರ್ ಅಗಲದ ನಿರ್ಬಂಧಿತ ವಲಯವಿತ್ತು. ಅಲ್ಲಿ ವಾಸಿಸಲೂ ಪರವಾನಗಿ ಬೇಕು. ಪಶ್ಚಿಮದ ಕಡೆ ಗಡಿಗುಂಟ ಸುಮಾರು 40 ಕಿಲೋಮೀಟರ್ ಅಗಲದ ಪಟ್ಟಿಯನ್ನು ಸರ್ಕಾರ ಹಿಂದುಳಿದ ಪ್ರದೇಶವೆಂದು ಗುರುತಿಸಿ, 1971ರ ಕಾಯ್ದೆಯಡಿ ಅನುದಾನ ಕೊಡುತ್ತಿತ್ತು. ಕಾರಣ ಸರಳ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಈ ಊರುಗಳು ದೇಶದ ನಡುಮಧ್ಯದಲ್ಲಿದ್ದವು. ಸಂತೆ, ರೈಲು, ನೆಂಟಸ್ತಿಕೆ ಎರಡೂ ಕಡೆ ಹರಡಿತ್ತು. ಗಡಿ ಬಿದ್ದ ಮೇಲೆ ಅರ್ಧ ಗಿರಾಕಿಗಳು ಆಚೆ ಉಳಿದರು, ರೈಲು ಹಳಿಗಳು ಹುಲ್ಲಿನಲ್ಲಿ ಮುಗಿದವು, ಹುಡುಗರು ಕೆಲಸ ಹುಡುಕಿಕೊಂಡು ದೊಡ್ಡ ನಗರಗಳಿಗೆ ಹೋದರು.

ಬ್ರೂನೋನ ಲಾರಿ ಓಡುವುದು ಈ ಪಟ್ಟಿಯಲ್ಲಿ, ಉತ್ತರದಿಂದ ದಕ್ಷಿಣಕ್ಕೆ. ಎಡಗಡೆಗೆ ಯಾವತ್ತೂ ತಿರುಗಲಾಗದ ದಾರಿ ಅದು. ಚಿತ್ರದಲ್ಲಿ ಬೇಲಿಯನ್ನು ಪದೇ ಪದೇ ತೋರಿಸುವುದಿಲ್ಲ, ರಾಜಕೀಯ ಭಾಷಣವೂ ಇಲ್ಲ. ಆದರೂ ಎಲ್ಲ ಊರಿನ ಬೀದಿಯೂ ಬಿಕೋ ಎನ್ನುವುದಕ್ಕೆ ಕಾರಣ ಪಕ್ಕದಲ್ಲೇ ಇದೆ. ಇಬ್ಬರ ಗೆಳೆತನ ಎಲ್ಲಿಗೆ ಹೋಗಿ ನಿಲ್ಲಬೇಕೆಂಬುದನ್ನೂ ಈ ಭೂಗೋಳವೇ ತೀರ್ಮಾನಿಸಿಬಿಟ್ಟಿದೆ.

ಇಬ್ಬರೂ ಭೇಟಿಯಾಗುವ ದೃಶ್ಯ ಎಲ್ಬೆ ನದಿಯ ದಂಡೆಯಲ್ಲಿ. ಬ್ರೂನೋ ಲಾರಿ ನಿಲ್ಲಿಸಿ ಬೆಳಗಿನ ಹೊತ್ತು ಗಡ್ಡ ಹೆರೆದುಕೊಳ್ಳುತ್ತಿದ್ದಾನೆ. ರಾಬರ್ಟ್‌ನ ಫೋಕ್ಸ್‌ವ್ಯಾಗನ್ ಬೀಟಲ್ ಧೂಳೆಬ್ಬಿಸಿಕೊಂಡು ಬಂದು, ಬ್ರೇಕಿನ ಸುಳಿವೇ ಇಲ್ಲದೆ ನೀರಿಗೆ ಹಾರುತ್ತದೆ. ಕಾರು ತಕ್ಷಣ ಮುಳುಗುವುದಿಲ್ಲ. ಬೀಟಲ್‌ನ ತಳ ಹೆಚ್ಚುಕಮ್ಮಿ ಮುಚ್ಚಿದ ತಗಡು, ಇಂಜಿನ್ ಹಿಂದಿದೆ. ಸ್ವಲ್ಪ ಹೊತ್ತು ತೇಲಿ ನಿಧಾನಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ರಾಬರ್ಟ್ ಚಾವಣಿಯ ಕಿಂಡಿಯಿಂದ ಸೂಟ್‌ಕೇಸ್ ಹಿಡಿದು ಹೊರಬಂದು, ಕೋಟು ತೊಯ್ದು ತೊಪ್ಪೆಯಾಗಿ ದಡಕ್ಕೆ ನಡೆದುಬರುತ್ತಾನೆ. ಬ್ರೂನೋಗೆ ನಗು ತಡೆಯುವುದಿಲ್ಲ. ರಾಬರ್ಟ್‌ನ ತುಟಿಯಲ್ಲೂ ನಗು. ಸಾಯಲು ಹೊರಟವನೊಬ್ಬ, ಅದನ್ನು ಕಂಡವನೊಬ್ಬ. ಇಬ್ಬರೂ ಆ ವಿಷಯ ಎತ್ತುವುದಿಲ್ಲ. ಬ್ರೂನೋ ಒಣ ಬಟ್ಟೆ ಕೊಡುತ್ತಾನೆ, ಲಾರಿಯಲ್ಲಿ ಜಾಗ ಕೊಡುತ್ತಾನೆ. ಹೆಸರು ಕೇಳುವುದಕ್ಕೂ ಸಾಕಷ್ಟು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಬ್ರೂನೋ ಪಾಲಿಗೆ ಅವನು ‘ಕಾಮಿಕಾಜೆ’, ಅಂದರೆ ಯುದ್ಧದಲ್ಲಿ ಸಾಯಲೆಂದೇ ಹೊರಟ ಜಪಾನಿ ವಿಮಾನ ಚಾಲಕ.

ಇದು ಎಲ್ಬೆಯಲ್ಲೇ ನಡೆಯುವುದಕ್ಕೆ ಅರ್ಥವಿದೆ. ಶ್ನಾಕೆನ್‌ಬುರ್ಗ್‌ನಿಂದ ಲೌಎನ್‌ಬುರ್ಗ್‌ವರೆಗೆ ನೂರು ಕಿಲೋಮೀಟರ್‌ಗೆ ಹತ್ತಿರದಷ್ಟು ದೂರ ಈ ನದಿಯೇ ಎರಡು ಜರ್ಮನಿಗಳ ಗಡಿ. ಗೆರೆ ನದಿಯ ನಡುವೆ ಇದೆ ಎಂದು ಪೂರ್ವದವರು, ಆಚೆ ದಡದಲ್ಲಿದೆ ಎಂದು ಪಶ್ಚಿಮದವರು. ಎರಡೂ ದೇಶ ಒಂದಾಗುವವರೆಗೂ ತಗಾದೆ ಬಗೆಹರಿಯಲಿಲ್ಲ. ರಾಬರ್ಟ್‌ನ ಕಾರು ಮುಳುಗುವುದು ಆ ತಗಾದೆಯ ನೀರಿನಲ್ಲಿ.

ಚಿತ್ರಕತೆಯ ಜಾಗದಲ್ಲಿ ಭೂಪಟ

ವೆಂಡರ್ಸ್ ಮೊದಲು ಮಾಡಿದ ಕೆಲಸ ಬರವಣಿಗೆಯಲ್ಲ, ತಿರುಗಾಟ. ಗಡಿಪಟ್ಟಿಯ ಊರುಗಳಲ್ಲಿ ಇನ್ನೂ ಬಾಗಿಲು ತೆರೆದಿರುವ ಚಿತ್ರಮಂದಿರಗಳನ್ನು ಹುಡುಕಿ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಗುರುತು ಮಾಡಿಕೊಂಡರು. ಆ ದಾರಿಯೇ ಚಿತ್ರದ ಬೆನ್ನೆಲುಬು. ಬರೆದಿಟ್ಟುಕೊಂಡದ್ದು ಇಬ್ಬರೂ ಭೇಟಿಯಾಗುವ ಮೊದಲ ಭಾಗವನ್ನು ಮಾತ್ರ. ಉಳಿದದ್ದನ್ನು ದಾರಿಯಲ್ಲೇ ಕಟ್ಟಿದರು: ಸಂಜೆ ಕೂತು ನಾಳೆಯ ದೃಶ್ಯ ಬರೆಯುವುದು, ಬೆಳಿಗ್ಗೆ ಚಿತ್ರಿಸುವುದು.

ಎರಡನೆಯ ತೀರ್ಮಾನ ಇನ್ನೂ ದುಬಾರಿಯಾದದ್ದು: ಕತೆಯ ಕ್ರಮದಲ್ಲೇ ಚಿತ್ರೀಕರಣ. ಸಾಮಾನ್ಯವಾಗಿ ಯಾವ ನಿರ್ಮಾಪಕನೂ ಇದಕ್ಕೆ ಒಪ್ಪುವುದಿಲ್ಲ. ಒಂದು ಜಾಗದಲ್ಲಿ ಬೇಕಾದ ಎಲ್ಲ ದೃಶ್ಯಗಳನ್ನೂ ಒಟ್ಟಿಗೆ ಮುಗಿಸಿದರೆ ಓಡಾಟ, ಬಾಡಿಗೆ, ಕೂಲಿ ಎಲ್ಲ ಉಳಿಯುತ್ತದೆ. ಆದ್ದರಿಂದ ಚಿತ್ರದ ಕೊನೆಯ ದೃಶ್ಯವನ್ನು ಮೊದಲ ವಾರವೇ ತೆಗೆಯುವುದುಂಟು. ಇಲ್ಲಿ ಲಾರಿ ಮುಂದಕ್ಕೆ ಹೋದ ಹಾಗೆ ಚಿತ್ರವೂ ಮುಂದಕ್ಕೆ ಹೋಯಿತು. ಜುಲೈನಲ್ಲಿ ಎಲ್ಬೆ, ಅಕ್ಟೋಬರ್ ಹೊತ್ತಿಗೆ ದಕ್ಷಿಣದ ತುದಿ. ತಾರೀಖು ನೋಡಿದರೆ ಅವಧಿ ಹದಿನೇಳು ವಾರಕ್ಕೂ ಹೆಚ್ಚು, ಚಿತ್ರಿಸಿದ್ದು 11 ವಾರ. ನಡುವೆ ಬಿಡುವು ಇತ್ತೆಂದು ಲೆಕ್ಕವೇ ಹೇಳುತ್ತದೆ.

ಹೀಗೆ ಮಾಡುವಾಗ ಕೆಡುವುದು ಏನೇನು? ಹಿಂದೆ ಬಿಟ್ಟ ಊರಿನಲ್ಲಿ ಒಂದು ದೃಶ್ಯ ಸರಿಯಾಗಿಲ್ಲ ಎಂದು ಸಂಕಲನದ ಮೇಜಿನಲ್ಲಿ ಗೊತ್ತಾದರೆ ಮತ್ತೆ ಹೋಗುವುದು ಕಷ್ಟ. ಹೋದರೂ ಬೆಳಕು ಬದಲಾಗಿರುತ್ತದೆ. ಆಗಿನ ಗಡಿಯಾರದಲ್ಲಿ ಜುಲೈ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ಸೂರ್ಯ ಮುಳುಗುತ್ತಿದ್ದುದು ರಾತ್ರಿ ಎಂಟೂವರೆಯ ಸುಮಾರಿಗೆ, ಅಕ್ಟೋಬರ್ ಕೊನೆಗೆ ಐದರ ಸುಮಾರಿಗೆ. ದಿನಕ್ಕೆ ಸಿಗುವ ಕೆಲಸದ ಹೊತ್ತು ಕಣ್ಣೆದುರೇ ಸವೆಯುತ್ತದೆ. ಸ್ಥಳದಲ್ಲೇ ದನಿ ಹಿಡಿಯುವುದರಿಂದ ಲಾರಿಯ ಇಂಜಿನ್ ಮಾತನ್ನು ನುಂಗುತ್ತದೆ. ನಾಳೆ ಏನು ಬರೆಯುತ್ತಾರೋ ಗೊತ್ತಿಲ್ಲದಿದ್ದರೆ ಸಾಮಾನು ಜೋಡಿಸುವವರಿಗೆ ಪೀಕಲಾಟ. ಇಂಥ ಚಿತ್ರೀಕರಣದಲ್ಲಿ ತಂಡ ಚಿಕ್ಕದಿರಬೇಕು, ಎಲ್ಲರಿಗೂ ಎರಡು ಮೂರು ಕೆಲಸ ಬರಬೇಕು, ನಟರಿಗೆ ಕಾಯುವ ತಾಳ್ಮೆ ಬೇಕು.

ಆದರೆ ಬೇರೆ ದಾರಿಯಲ್ಲಿ ಸಿಗದ ಒಂದು ಸಂಗತಿ ಇದರಿಂದ ಸಿಗುತ್ತದೆ. ಬ್ರೂನೋ ಆಗಿ ರೂಡಿಗರ್ ಫೋಗ್ಲರ್, ರಾಬರ್ಟ್ ಆಗಿ ಹಾನ್ಸ್ ತ್ಸಿಶ್ಲರ್. ಆರಂಭದ ದೃಶ್ಯಗಳಲ್ಲಿ ಲಾರಿಯ ಮುಂಬದಿಯಲ್ಲಿ ಅವರು ಕೂತ ರೀತಿ ಗಮನಿಸಿ: ನಡುವೆ ಅಂತರ, ಇಬ್ಬರ ಕೈಗೂ ಏನು ಮಾಡಬೇಕೆಂದು ತಿಳಿಯದು. ಒಂದೂವರೆ ಗಂಟೆ ಕಳೆಯುವ ಹೊತ್ತಿಗೆ ಒಬ್ಬ ಇಳಿದರೆ ಇನ್ನೊಬ್ಬ ಕೇಳದೆಯೇ ಕಾಯುತ್ತಾನೆ, ಒಬ್ಬ ನಿದ್ದೆ ಹೋದರೆ ಇನ್ನೊಬ್ಬನ ಲಕ್ಷ್ಯ ಅತ್ತ ಇರುತ್ತದೆ. ಇದು ಬರೀ ಅಭಿನಯದ ಜಾಣ್ಮೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ನಟರಿಬ್ಬರೂ ಅಷ್ಟು ವಾರ ಅದೇ ಲಾರಿಯಲ್ಲಿ, ಅದೇ ಕ್ರಮದಲ್ಲಿ ಕಾಲ ಕಳೆದಿದ್ದಾರೆ. ಆ ಸಲುಗೆ ಪರದೆಯ ಮೇಲೆ ಹಾಗೇ ಬಂದಿದೆ.

ಛಾಯಾಗ್ರಹಣ ರಾಬಿ ಮ್ಯೂಲರ್ ಅವರದು, ಜೊತೆಗೆ ಮಾರ್ಟಿನ್ ಶೇಫರ್. ಬಡ ಅಮೆರಿಕದ ಮನೆ ಮಂದಿ ಅಂಗಡಿಗಳನ್ನು 1930ರ ದಶಕದಲ್ಲಿ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದ ವಾಕರ್ ಎವಾನ್ಸ್ ಛಾಯಾಚಿತ್ರಗಳು ಅವರಿಗೆ ಮಾದರಿ. ಅದರ ಪರಿಣಾಮ ಪೆಟ್ರೋಲ್ ಬಂಕು, ಬೋರ್ಡು, ಗೋಡೆ, ಮುಚ್ಚಿದ ಕಿಟಕಿ ಎಲ್ಲದರಲ್ಲೂ ಕಾಣುತ್ತದೆ: ಯಾವುದನ್ನೂ ಚಂದ ಮಾಡಿ ತೋರಿಸುವ ಆತುರವಿಲ್ಲ, ಇದ್ದದ್ದರ ಅಂಚು ಅಂಚೂ ಸ್ಪಷ್ಟ. 1:1.66 ಅಳತೆಯ ಚೌಕಟ್ಟು ಸಿನಿಮಾಸ್ಕೋಪ್‌ನಷ್ಟು ಅಗಲವೂ ಅಲ್ಲ, ಹಳೆಯ ಟಿವಿಯಷ್ಟು ಚೌಕವೂ ಅಲ್ಲ. ಲಾರಿಯ ಮುಂಗಾಜಿನ ಹಿಂದೆ ಇಬ್ಬರು ಗಂಡಸರು ಪಕ್ಕಪಕ್ಕದಲ್ಲಿ ಕೂರಲು ಸರಿಯಾಗಿ ಹೊಂದುವ ಅಳತೆ. ಪಕ್ಕಪಕ್ಕ ಕೂತವರು ಒಬ್ಬರನ್ನೊಬ್ಬರು ನೋಡಬೇಕಿಲ್ಲ, ಇಬ್ಬರೂ ರಸ್ತೆ ನೋಡಿದರೆ ಸಾಕು. ಎದುರೆದುರು ಹೇಳಲಾಗದ್ದನ್ನು ರಸ್ತೆ ನೋಡುತ್ತಾ ಹೇಳಬಹುದು, ಹೇಳದೆಯೂ ಇರಬಹುದು.

ಬ್ರೂನೋನ ಕಸುಬು

ಚಿತ್ರದ ತಿರುಳು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಬ್ರೂನೋ ಊರೂರು ತಿರುಗಿ ಚಿತ್ರಮಂದಿರಗಳ ಪ್ರೊಜೆಕ್ಟರ್ ಸರಿಮಾಡುವವನು. ಮನೆ ಸಾಮಾನು ಸಾಗಿಸುವ ದೊಡ್ಡ ಲಾರಿಯೇ ಅವನ ಮನೆ, ಅದೇ ವರ್ಕ್‌ಶಾಪ್: ಒಳಗೆ ಹಾಸಿಗೆ, ಹಾಡು ಹಾಕುವ ಯಂತ್ರ, ಬಿಡಿಭಾಗ, ಹಳೆ ಪ್ರೊಜೆಕ್ಟರ್‌ಗಳು. ಅವನ ಕೆಲಸ ಅರ್ಥವಾದರೆ ಚಿತ್ರದ ನಡಿಗೆಯೂ ಅರ್ಥವಾಗುತ್ತದೆ.

35 ಮಿಲಿಮೀಟರ್ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 45 ಸೆಂಟಿಮೀಟರ್, ನಿಮಿಷಕ್ಕೆ 27 ಮೀಟರ್ ಚಿಲ್ಲರೆ. ಆ ಲೆಕ್ಕದಲ್ಲಿ ಈ 175 ನಿಮಿಷದ ಚಿತ್ರವೇ ಸುಮಾರು 4,800 ಮೀಟರ್ ಫಿಲ್ಮ್. ‘ಓಡುತ್ತದೆ’ ಎಂದರೂ ಅದು ಒಂದೇ ಸಮ ಓಡುವುದಿಲ್ಲ. ಓಡುವ ಫಿಲ್ಮಿಗೆ ಬೆಳಕು ಹಾಯಿಸಿದರೆ ಪರದೆಯ ಮೇಲೆ ಬರೀ ಕಲಸಿದ ಗೆರೆಗಳು. ಪ್ರತಿ ಚೌಕಟ್ಟೂ ದೀಪದ ಮುಂದೆ ಒಂದು ಕ್ಷಣ ಅಲುಗಾಡದೆ ನಿಲ್ಲಬೇಕು, ಆಮೇಲೆ ಥಟ್ಟನೆ ಸರಿದು ಮುಂದಿನದು ಬರಬೇಕು. ಈ ನಿಲ್ಲಿಸು-ಸರಿಸು ಕೆಲಸ ಮಾಡುವುದು ಮಾಲ್ಟೀಸ್ ಕ್ರಾಸ್ ಎಂಬ ಪುಟ್ಟ ಉಕ್ಕಿನ ಬಿಲ್ಲೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅದಕ್ಕೆ ನಾಲ್ಕು ಸೀಳು. ಪಕ್ಕದಲ್ಲಿ ಸದಾ ತಿರುಗುವ ಒಂದು ಚಕ್ರ, ಅದರ ಅಂಚಿನಲ್ಲಿ ಒಂದು ಮೊಳೆ. ಮೊಳೆ ಸುತ್ತಿಗೊಮ್ಮೆ ಸೀಳಿನೊಳಗೆ ಹೊಕ್ಕು ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ಹೊರಬರುತ್ತದೆ. ಬಿಲ್ಲೆಯ ದಂಡಕ್ಕೆ 16 ಹಲ್ಲಿನ ಗಾಲಿ ಕೂರಿಸಿರುತ್ತಾರೆ. ಕಾಲು ಸುತ್ತು ಎಂದರೆ ನಾಲ್ಕು ಹಲ್ಲು, ನಾಲ್ಕು ಹಲ್ಲು ಎಂದರೆ ಫಿಲ್ಮಿನ ಅಂಚಿನ ನಾಲ್ಕು ತೂತು, ನಾಲ್ಕು ತೂತು ಎಂದರೆ ಸರಿಯಾಗಿ ಒಂದು ಚೌಕಟ್ಟು. ಸೆಕೆಂಡಿನ 24ನೇ ಒಂದು ಭಾಗದಲ್ಲಿ ಕಾಲು ಪಾಲು ಹೊತ್ತು ಚಲನೆ, ಮುಕ್ಕಾಲು ಪಾಲು ನಿಲುಗಡೆ. ಸರಿಯುವ ಹೊತ್ತಿನಲ್ಲಿ ತಿರುಗುವ ಅಲಗೊಂದು ಬೆಳಕನ್ನು ಮರೆಮಾಡುತ್ತದೆ. ನಿಂತ ಚೌಕಟ್ಟಿಗೂ ಇನ್ನೊಂದು ಅಲಗು ಒಮ್ಮೆ ಅಡ್ಡ ಬರುತ್ತದೆ. ಹಾಗಾಗಿ ಮಿಣುಕು ಸೆಕೆಂಡಿಗೆ 48ಕ್ಕೇರಿ, ಕಣ್ಣಿಗೆ ಗೊತ್ತಾಗದೆ ಹೋಗುತ್ತದೆ.

ಈ ಬಿಲ್ಲೆ ಇಲ್ಲದಿದ್ದರೆ ಸಿನಿಮಾ ಉದ್ಯಮವೇ ಇರುತ್ತಿರಲಿಲ್ಲ ಎಂಬರ್ಥದ ಮಾತು ಚಿತ್ರದಲ್ಲೇ ಬರುತ್ತದೆ. ಉತ್ಪ್ರೇಕ್ಷೆಯಲ್ಲ.

ಕೆಡುವುದು ಎಲ್ಲಿ? ಬಿಲ್ಲೆಯ ಸೀಳು ಸವೆದರೆ ಚಿತ್ರ ಮೇಲೆ ಕೆಳಗೆ ನಡುಗುತ್ತದೆ. ಅಲಗಿನ ಹೊಂದಾಣಿಕೆ ತಪ್ಪಿದರೆ ಬಿಳಿ ಅಕ್ಷರಗಳಿಗೆ ಮೇಲಕ್ಕೋ ಕೆಳಕ್ಕೋ ಬಾಲ ಮೂಡುತ್ತದೆ, ಏಕೆಂದರೆ ಫಿಲ್ಮ್ ಇನ್ನೂ ಸರಿಯುತ್ತಿರುವಾಗಲೇ ಬೆಳಕು ಬಿದ್ದಿದೆ. ಫಿಲ್ಮ್ ಹೊಕ್ಕುವ ಬಾಗಿಲಿನ ಮೇಲೆ ಕೆಳಗೆ ಒಂದೊಂದು ಸಡಿಲ ಸುರುಳಿ ಬಿಡಬೇಕು. ಮೇಲಿನದು ಬಿಗಿದರೆ ತೂತು ಹರಿದು ಫಿಲ್ಮ್ ತುಂಡಾಗುತ್ತದೆ. ಕೆಳಗಿನ ಸುರುಳಿಯ ಉದ್ದ ತಪ್ಪಿದರೆ ಇನ್ನೊಂದು ತೊಂದರೆ. ದನಿಯ ಪಟ್ಟಿಯನ್ನು ಓದುವ ದೀಪ ಚಿತ್ರದ ದೀಪಕ್ಕಿಂತ ಕೆಳಗಿರುವುದರಿಂದ, ಫಿಲ್ಮಿನ ಮೇಲೆ ದನಿಯನ್ನು ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದಕ್ಕೆ ಅಚ್ಚು ಹಾಕಿರುತ್ತಾರೆ. ಸುರುಳಿ ನಾಲ್ಕೈದು ಚೌಕಟ್ಟು ಹೆಚ್ಚುಕಡಿಮೆಯಾದರೂ ತುಟಿ ಒಂದು ಕಡೆ, ಮಾತು ಒಂದು ಕಡೆ. ನಮ್ಮ ಟೆಂಟ್ ಸಿನಿಮಾಗಳಲ್ಲಿ ಕೂತು ಇವನ್ನೆಲ್ಲ ಕಂಡವರಿಗೆ ಬ್ರೂನೋನ ಸ್ಕ್ರೂಡ್ರೈವರ್ ಏನು ಮಾಡುತ್ತಿದೆಯೆಂದು ವಿವರಿಸಬೇಕಾಗಿಲ್ಲ, ಯಂತ್ರ ಅದೇ.

ವೆಂಡರ್ಸ್ ಈ ಕೆಲಸವನ್ನು ಅವಸರವಿಲ್ಲದೆ, ಅದು ತೆಗೆದುಕೊಳ್ಳುವಷ್ಟು ಹೊತ್ತು ತೋರಿಸುತ್ತಾರೆ. ರಾಬರ್ಟ್ ಪಕ್ಕದಲ್ಲಿ ನಿಂತು ನೋಡುತ್ತಾನೆ, ಹೇಳಿದ್ದನ್ನು ಹಿಡಿದುಕೊಳ್ಳುತ್ತಾನೆ. ಅವನು ಓದಿದವನು, ಮಕ್ಕಳು ಓದು ಬರಹ ಕಲಿಯುವಾಗಿನ ತೊಂದರೆಗಳ ಬಗ್ಗೆ ಕೆಲಸ ಮಾಡುವವನು. ಬ್ರೂನೋ ಕೈಕೆಲಸದವನು, ಊರು ಮನೆ ಯಾವುದಕ್ಕೂ ಅಂಟಿಕೊಳ್ಳದವನು. ಹೊಂದುವ ಜೋಡಿಯಲ್ಲ. ಇಬ್ಬರ ನಡುವೆ ಮಾತಿಗೆ ಸಾಮಾನ್ಯ ವಿಷಯವಿಲ್ಲ, ಒಟ್ಟಿಗೆ ಮಾಡುವ ಕೆಲಸವಿದೆ. ರಾಬರ್ಟ್ ತನ್ನ ಸಂಸಾರದ ಕತೆ ಶುರುಮಾಡಿದಾಗ ಬ್ರೂನೋ ಅವನನ್ನು ತಡೆಯುತ್ತಾನೆ: ನಿನ್ನ ಕತೆ ಬೇಡ, ನೀನು ಯಾರೆಂದು ಹೇಳು. ನನ್ನ ಕತೆಯೇ ನಾನು ಎನ್ನುತ್ತಾನೆ ರಾಬರ್ಟ್. ಇಡೀ ಚಿತ್ರ ಈ ಇಬ್ಬರ ವಾದದ ಮೇಲೆ ನಡೆಯುತ್ತದೆ, ಕೊನೆಗೆ ಬ್ರೂನೋ ರಾಬರ್ಟ್‌ನ ಕಡೆಗೆ ವಾಲುತ್ತಾನೆ.

ಕೆಲಸವೇ ಸಂತೋಷವಾಗಿ ತಿರುಗುವ ಒಂದು ದೃಶ್ಯವಿದೆ. ಶಾಲೆಯ ಮಕ್ಕಳು ಚಿತ್ರ ನೋಡಲು ಸೇರಿದ್ದಾರೆ, ಸ್ಪೀಕರ್ ಕೆಲಸ ಮಾಡುತ್ತಿಲ್ಲ. ಚಿತ್ರಮಂದಿರದಲ್ಲಿ ಸ್ಪೀಕರ್ ಇರುವುದು ಪರದೆಯ ಹಿಂದೆ, ಹಾಗಾಗಿ ಇಬ್ಬರೂ ಅಲ್ಲಿ ಹೋಗಿ ತಂತಿ ಜೋಡಿಸುತ್ತಿದ್ದಾರೆ. ಮಕ್ಕಳ ಗಲಾಟೆ ಏರುತ್ತದೆ. ಹಿಂದಿನ ದೀಪ ಹತ್ತಿದ್ದೇ ತಡ, ಇಬ್ಬರ ನೆರಳು ಪರದೆ ತುಂಬ. ಅವರಿಗೆ ಗೊತ್ತಾಗುತ್ತದೆ, ಶುರು ಹಚ್ಚುತ್ತಾರೆ: ಏಣಿ, ಹಗ್ಗ, ಜಾರಿಬೀಳುವುದು, ಒಬ್ಬನನ್ನೊಬ್ಬ ಬಡಿಯುವುದು. ದೀಪಕ್ಕೆ ಹತ್ತಿರ ಹೋದವನು ದೈತ್ಯನಾಗುತ್ತಾನೆ, ಪರದೆಗೆ ಹತ್ತಿರ ಬಂದವನು ಕುಗ್ಗಿ ಸ್ಪಷ್ಟವಾಗುತ್ತಾನೆ. ಮೂಕಿ ಚಿತ್ರಗಳ ಹಾಸ್ಯಕ್ಕೆ ಬೇಕಾದ್ದೆಲ್ಲ ಒಂದು ದೀಪ, ಒಂದು ಬಟ್ಟೆ, ಎರಡು ಮೈ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪರಸ್ಪರ ನಾಲ್ಕು ಮಾತು ನೆಟ್ಟಗೆ ಆಡಲಾಗದ ಇಬ್ಬರು ಒಂದೇ ತಾಳಕ್ಕೆ ಬಂದಿರುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಚಿತ್ರ ಇಷ್ಟವಾಗದವರಿಗೂ ಈ ಕೆಲವು ನಿಮಿಷ ಇಷ್ಟವಾಗುತ್ತವೆ.

ಖಾಲಿ ಕುರ್ಚಿಗಳು

1956ರಲ್ಲಿ ಪಶ್ಚಿಮ ಜರ್ಮನಿಯಲ್ಲಿ 81 ಕೋಟಿಗೂ ಹೆಚ್ಚು ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. ಈ ಚಿತ್ರ ತಯಾರಾಗುವ ಹೊತ್ತಿಗೆ ಅದು ಆರನೇ ಒಂದು ಪಾಲಿಗೆ ಇಳಿದಿತ್ತು. ಟಿವಿ ಮನೆಮನೆಗೆ ಬಂತು, ಕಾರು ಬಂತು. ನಗರದ ಚಿತ್ರಮಂದಿರಗಳು ಒಂದು ದೊಡ್ಡ ಸಭಾಂಗಣವನ್ನು ನಾಲ್ಕು ಚಿಕ್ಕ ಕೋಣೆಗಳಾಗಿ ಒಡೆದುಕೊಂಡು ಉಳಿದವು. ಹಳ್ಳಿಯವಕ್ಕೆ ಆ ಬಂಡವಾಳವಿಲ್ಲ. ವಿತರಕರು ಕೊಟ್ಟದ್ದನ್ನು ಹಾಕಬೇಕು, ಕೊಡುತ್ತಿದ್ದುದು ಹೆಚ್ಚಾಗಿ ಅಗ್ಗದ ಕಾಮಚಿತ್ರ. ಬ್ರೂನೋ ಸರಿಮಾಡುವ ಯಂತ್ರಗಳಲ್ಲಿ ಓಡುವುದು ಅವೇ. ಒಂದು ಊರಲ್ಲಿ ಅವನು ಇಂಥ ಫಿಲ್ಮಿನ ತುಂಡುಗಳನ್ನು ಅಂಟಿಸಿ, ಸುತ್ತಿ ಸುತ್ತಿ ಬರುವ ಉಂಗುರ ಮಾಡಿ ಓಡಿಸುತ್ತಾನೆ. ಅದೇ ಹೊಡೆದಾಟ, ಅದೇ ಮೈ, ಅದೇ ಜಾಹೀರಾತಿನ ದನಿ ಮತ್ತೆ ಮತ್ತೆ. ಅದನ್ನು ಅವನು ತೋರಿಸುವುದು ಟಿಕೆಟ್ ಕೊಡುವ ಪೌಲೀನೆಗೆ, ಪಾತ್ರ ಮಾಡಿದವರು ಲೀಸಾ ಕ್ರಾಯ್ತ್ಸರ್. ಆ ರಾತ್ರಿ ಇಬ್ಬರೂ ಚಿತ್ರಮಂದಿರದಲ್ಲೇ ತಂಗುತ್ತಾರೆ, ಹತ್ತಿರ ಬರಲಾಗುವುದಿಲ್ಲ. ಬ್ರೂನೋಗೆ ಹೆಂಗಸಿನ ಜೊತೆಯ ಬಾಳು ಯಾಕೆ ಒಗ್ಗುವುದಿಲ್ಲ ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ, ಸಮರ್ಥಿಸುವುದೂ ಇಲ್ಲ.

ಇಬ್ಬರಿಗೂ ಹಿಂದಕ್ಕೆ ಹೋಗುವ ಒಂದೊಂದು ದಾರಿ ಬರುತ್ತದೆ. ರಾಬರ್ಟ್‌ನ ಅಪ್ಪ ಸಣ್ಣ ಊರಿನಲ್ಲಿ ಪತ್ರಿಕೆ ನಡೆಸುವವರು. ವರ್ಷಗಳ ಮೇಲೆ ಬಂದ ಮಗ, ಅಮ್ಮನನ್ನು ಅಪ್ಪ ನಡೆಸಿಕೊಂಡ ರೀತಿಯ ಬಗ್ಗೆ ಹೇಳಬೇಕಾದ್ದನ್ನು ಬಾಯಲ್ಲಿ ಹೇಳಲಾರ. ರಾತ್ರಿಯಿಡೀ ಅಚ್ಚಿನ ಮೊಳೆ ಜೋಡಿಸಿ, ಒಂದು ಹಾಳೆ ಮುದ್ರಿಸಿ ಅಪ್ಪನ ಮುಂದಿಡುತ್ತಾನೆ. ಅಪ್ಪನಾಗಿ ನಟಿಸಿದ ರುಡಾಲ್ಫ್ ಶುಂಡ್ಲರ್ 1933ರಲ್ಲಿ ನಿರ್ದೇಶಕ ಫ್ರಿಟ್ಸ್ ಲಾಂಗ್ ಅವರ ಡಾಕ್ಟರ್ ಮಾಬುಜೆ ಚಿತ್ರದಲ್ಲಿದ್ದವರು. ನಾಜಿಗಳು ಬಂದ ಮೇಲೆ ದೇಶ ಬಿಟ್ಟ ಲಾಂಗ್ ಅವರ ಭಾವಚಿತ್ರ ಈ ಚಿತ್ರದಲ್ಲಿ ಕಾಣಿಸುತ್ತದೆ. ಹಿಂದಿನ ತಲೆಮಾರಿನ ಜರ್ಮನ್ ಸಿನಿಮಾದಲ್ಲಿ ಅಪ್ಪನೆನ್ನಲು ಯೋಗ್ಯರಾದವರನ್ನು ವೆಂಡರ್ಸ್ ಹುಡುಕಿದ್ದರ ಗುರುತು ಅದು. ಬ್ರೂನೋನ ಸರದಿ ಬಂದಾಗ ಇಬ್ಬರೂ ಸೈಡ್‌ಕಾರ್ ಜೋಡಿಸಿದ ಮೋಟಾರ್‌ಸೈಕಲ್ ಹತ್ತಿ ರೈನ್ ನದಿಯ ದ್ವೀಪಕ್ಕೆ ಹೋಗುತ್ತಾರೆ. ಅವನು ಬೆಳೆದ ಮನೆ ಪಾಳು ಬಿದ್ದಿದೆ. ಮೆಟ್ಟಿಲ ಕೆಳಗೆ ಹುಡುಗನಾಗಿದ್ದಾಗ ಬಚ್ಚಿಟ್ಟ ತಗಡಿನ ಡಬ್ಬಿ, ಅದರಲ್ಲಿ ಕಾಮಿಕ್ಸ್. ಅತ್ತು ಮುಗಿಸಿದ ಮೇಲೆ ಅವನು ಹೇಳುವುದರ ತಾತ್ಪರ್ಯ: ಇಷ್ಟು ಕಾಲ ದಾಟಿ ಬಂದವನು ನಾನು, ಆ ಕಾಲವೇ ನನ್ನ ಕತೆ ಎಂದು ಮೊದಲ ಬಾರಿಗೆ ಅನ್ನಿಸುತ್ತಿದೆ. ಬೇರೆಯವರ ಕತೆ ಬೇಡವೆಂದಿದ್ದವನ ಬಾಯಲ್ಲಿ ಈ ಮಾತು.

ಬೇರೆಯಾಗುವ ಬಗೆ

ದಾರಿ ಕೊನೆಗೆ ಗಡಿಯಲ್ಲೇ ಮುಗಿಯುತ್ತದೆ, ಅಮೆರಿಕದ ಸೈನಿಕರು ಬಿಟ್ಟುಹೋದ ಕಾವಲು ಗುಡಿಸಿಲಿನಲ್ಲಿ. ಗೋಡೆಯ ತುಂಬ ಅವರ ಗೀಚು ಬರಹ, ಅಮೆರಿಕದ ಊರುಗಳ ಹೆಸರು. ‘ನಮ್ಮ ಒಳಮನಸ್ಸನ್ನೂ ಅಮೆರಿಕದವರು ವಸಾಹತು ಮಾಡಿಕೊಂಡಿದ್ದಾರೆ’ ಎಂಬ ಮಾತು ಇದೇ ಚಿತ್ರದ್ದು. ಅಮೆರಿಕದ ಪಾಪ್ ಹಾಡುಗಳಿಗೆ ಮನಸೋತ ತಲೆಮಾರೊಂದು ಅದನ್ನು ದೂರಿನಂತೆಯೂ ಒಪ್ಪಿಗೆಯಂತೆಯೂ ಆಡುತ್ತಿದೆ. ಆ ರಾತ್ರಿ ಕುಡಿತ, ಹೆಂಗಸರ ಕುರಿತ ಮಾತು, ಕೈ ಮಿಲಾಯಿಸುವ ಜಗಳ. ನೀನು ಲಾರಿಯೊಳಗೆ ಸತ್ತವನ ಹಾಗಿದ್ದೀಯ ಎಂಬಂಥದ್ದನ್ನು ರಾಬರ್ಟ್ ಆಡುತ್ತಾನೆ. ಗೆಳೆಯನಲ್ಲದವನು ಅದನ್ನು ಹೇಳಲಾರ. ಬೆಳಿಗ್ಗೆ ಬ್ರೂನೋ ಎದ್ದಾಗ ರಾಬರ್ಟ್ ಇಲ್ಲ. ಒಂದು ಚೀಟಿ: ಎಲ್ಲವೂ ಬದಲಾಗಬೇಕು. ಬ್ರೂನೋ ಹೊರಬಂದು ಕಿರುಚುತ್ತಾನೆ.

ರಾಬರ್ಟ್ ರೈಲು ನಿಲ್ದಾಣದಲ್ಲಿ ಒಬ್ಬ ಹುಡುಗನನ್ನು ಕಾಣುತ್ತಾನೆ. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿರುವ ಹುಡುಗ. ತನ್ನ ಸೂಟ್‌ಕೇಸ್, ತಂಪು ಕನ್ನಡಕ ಎರಡನ್ನೂ ಕೊಟ್ಟು ಆ ನೋಟ್‌ಬುಕ್ಕು ಪಡೆಯುತ್ತಾನೆ. ನದಿಯಿಂದ ಎತ್ತಿ ತಂದದ್ದು ಅದೊಂದೇ ಸೂಟ್‌ಕೇಸು. ಅದೂ ಈಗ ಅವನ ಕೈಬಿಟ್ಟಿತು. ಸ್ವಲ್ಪ ಹೊತ್ತು ಅವನ ರೈಲು, ಬ್ರೂನೋನ ಲಾರಿ ಅಕ್ಕಪಕ್ಕದಲ್ಲಿ ಓಡುತ್ತವೆ, ಆಮೇಲೆ ದಾರಿಗಳು ಒಂದನ್ನೊಂದು ದಾಟಿ ಬೇರೆಯಾಗುತ್ತವೆ. ಅಪ್ಪುಗೆ ಇಲ್ಲ, ಮತ್ತೆ ಸಿಗೋಣ ಎಂಬ ಮಾತಿಲ್ಲ.

ಈ ಅಗಲಿಕೆಗೆ ಸಿಹಿಯೂ ಕಹಿಯೂ ಬೆರೆತ ರುಚಿ ಎಲ್ಲಿಂದ ಬಂತು? ಇಬ್ಬರಿಗೂ ಇನ್ನೊಬ್ಬನಿಂದ ಬೇಕಾದ್ದು ಸಿಕ್ಕಿದೆ, ಸಿಕ್ಕಿದ್ದರಿಂದಲೇ ಜೊತೆಯಲ್ಲಿರಲಾಗದು. ಲಾರಿಯಲ್ಲಿ ಉಳಿದರೆ ರಾಬರ್ಟ್ ಬ್ರೂನೋನ ಹಾಗೆಯೇ ತಿರುಗುತ್ತಾ ಉಳಿಯಬೇಕು. ಅವನನ್ನು ಹೋಗಗೊಡದಿದ್ದರೆ ಬ್ರೂನೋ ತನ್ನ ಬಾಳನ್ನು ನೋಡಿಕೊಳ್ಳುವುದಿಲ್ಲ. ಇಟಲಿಯ ದೀನೋ ರೀಸಿ ಅವರ 1962ರ ‘ಇಲ್ ಸೊರ್ಪಾಸ್ಸೊ’ ಜೊತೆ ಇಟ್ಟು ನೋಡಿ. ಅಲ್ಲಿಯೂ ಜೋಡಿಯ ಹೆಸರು ಬ್ರೂನೋ ಮತ್ತು ರೊಬೆರ್ತೊ, ಅಲ್ಲಿಯೂ ಉಡಾಳ ಮತ್ತು ಸಂಕೋಚದ ಓದುಗ. ಆದರೆ ಲಾಂಚಾ ಕಾರಿನ ವೇಗ, ಒಂದೇ ಸಮ ಮಾತು, ಕೊನೆಗೆ ಅಪಘಾತದಲ್ಲಿ ಸಾವು. ಸಾವು ಗೆಳೆತನವನ್ನು ಹೊರಗಿನಿಂದ ಕತ್ತರಿಸುತ್ತದೆ. ವೆಂಡರ್ಸ್ ಸಾವನ್ನು ಮೊದಲ ಭೇಟಿಯಲ್ಲೇ ಇಟ್ಟು ದಾಟಿಬಿಟ್ಟರು. ನಡುವೆ, ಹೆಂಡತಿ ಕಾರನ್ನು ಮರಕ್ಕೆ ಗುದ್ದಿ ಸತ್ತಳೆಂದು ಹೇಳುವ ಒಬ್ಬ ಅಪರಿಚಿತನೂ ಲಾರಿಯ ಬಳಿ ಬರುತ್ತಾನೆ. ರಾಬರ್ಟ್ ಅವನ ಮಾತನ್ನು ಕೇಳಿಸಿಕೊಳ್ಳುವ ರೀತಿಯಲ್ಲಿ ಎಲ್ಬೆಯ ಬೆಳಗಿನ ನೆನಪಿದೆ. ಹಾಗಾಗಿ ಕೊನೆಯಲ್ಲಿ ಇಬ್ಬರೂ ಬದುಕಿಯೇ ಬೇರೆಯಾಗಬೇಕು. ಅದು ಸಾವಿಗಿಂತ ಹಗುರ, ಸಾವಿಗಿಂತ ಕಷ್ಟ.

ಬ್ರೂನೋನ ಕೊನೆಯ ಭೇಟಿ ಚಿತ್ರಮಂದಿರದ ಒಡತಿಯೊಬ್ಬರಲ್ಲಿ. ಈಗ ಸಿಗುವಂಥ ಚಿತ್ರ ಹಾಕುವುದಕ್ಕಿಂತ ಬಾಗಿಲು ಹಾಕುವುದೇ ಸರಿ ಎಂದವರು ಅವರು. ಆದರೂ ಯಂತ್ರಗಳನ್ನು ಸುಸ್ಥಿತಿಯಲ್ಲಿ ಇಟ್ಟಿದ್ದಾರೆ, ಒಳ್ಳೆಯ ದಿನ ಬಂದರೆ ತಕ್ಷಣ ಶುರುಮಾಡಬೇಕೆಂದು. ಅಲ್ಲಿಂದ ಹೊರಬಂದ ಬ್ರೂನೋ ತನ್ನ ಪ್ರಯಾಣದ ಪಟ್ಟಿಯನ್ನು ಹರಿದುಹಾಕುತ್ತಾನೆ.

ನೋಡುವವರಿಗೆ ಕೆಲವು ಉಪಯೋಗದ ಮಾತು. ವೆಂಡರ್ಸ್ ಪ್ರತಿಷ್ಠಾನ ಈ ಚಿತ್ರವನ್ನು ಡಿಜಿಟಲ್ ಆಗಿ ಶುದ್ಧಗೊಳಿಸಿದೆ, ಸಿಕ್ಕರೆ ಆ ಪ್ರತಿಯನ್ನೇ ನೋಡಿ; ಹಳೆಯ ಪ್ರತಿಗಳಲ್ಲಿ ಬೂದು ಬಣ್ಣದ ಮೆಟ್ಟಿಲುಗಳೆಲ್ಲ ಕಲಸಿ, ಮ್ಯೂಲರ್ ಅವರ ಕೆಲಸವೇ ಮಸುಕಾಗುತ್ತದೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ 168 ನಿಮಿಷದ ಆಸುಪಾಸು ತೋರಿಸಿದರೆ ಕತ್ತರಿ ಹಾಕಿದ್ದಾರೆಂದು ಗಾಬರಿ ಬೇಡ: ಅಲ್ಲಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುವುದರಿಂದ ಹೊತ್ತು ಶೇಕಡ 4ರಷ್ಟು ಕಮ್ಮಿಯಾಗುತ್ತದೆ. ಟಿವಿಯಲ್ಲಿ ಚಿತ್ರದ ಎರಡೂ ಬದಿ ಸಣ್ಣ ಕಪ್ಪು ಪಟ್ಟಿ ಇರಬೇಕು. ಇಲ್ಲವಾದರೆ ಪರದೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದೆ ಇಲ್ಲವೇ ಅಡ್ಡಕ್ಕೆ ಎಳೆದಿದೆ ಎಂದರ್ಥ. ಚಲನೆಯನ್ನು ನಯಗೊಳಿಸುವ ಟಿವಿಯ ಸೆಟಿಂಗ್ ಆಫ್ ಮಾಡಿ. ಬಿಡುವು ಬೇಕಿದ್ದರೆ ರಾಬರ್ಟ್ ಅಪ್ಪನ ಊರಿನ ಭಾಗ ಮುಗಿದ ಮೇಲೆ ತೆಗೆದುಕೊಳ್ಳಿ, ಮೊದಲ ಗಂಟೆಯಲ್ಲಿ ಮಾತ್ರ ಎದ್ದುಹೋಗಬೇಡಿ. ನಡಿಗೆಗೆ ಕಣ್ಣು ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಫೋಗ್ಲರ್ ನಟಿಸಿದ ವೆಂಡರ್ಸ್ ಅವರ ಮೂರು ದಾರಿಚಿತ್ರಗಳ ಸರಣಿಯಲ್ಲಿ ಇದು ಕೊನೆಯದು. ನೇರ ಇದಕ್ಕೆ ಇಳಿಯಲು ಅಳುಕಿದ್ದರೆ 1974ರ ‘ಆಲಿಸ್ ಇನ್ ದ ಸಿಟೀಸ್’ನಿಂದ ಶುರುಮಾಡಿ: ಒಬ್ಬ ಪತ್ರಕರ್ತ, ಒಂದು ಪುಟ್ಟ ಹುಡುಗಿ, ಅವಳ ಅಜ್ಜಿಯ ಮನೆ ಹುಡುಕಾಟ, ಉದ್ದ ಎರಡು ಗಂಟೆಗಿಂತ ಕಮ್ಮಿ, 16 ಮಿಲಿಮೀಟರ್ ಕಪ್ಪು-ಬಿಳುಪು. ನಡುವಿನ ‘ರಾಂಗ್ ಮೂವ್’ ಬಣ್ಣದ್ದು, ಪೀಟರ್ ಹಾಂಡ್ಕೆ ಬರೆದದ್ದು, ಮೂರರಲ್ಲಿ ಹೆಚ್ಚು ಮಾತಿನದು; ಅದನ್ನು ಕೊನೆಗೆ ಇಟ್ಟುಕೊಂಡರೂ ನಷ್ಟವಿಲ್ಲ.